ಒಣ ಗಾಜಿನ ಮೇಲೆ ಓಡಿದ ವೈಪರ್

ನಿಮ್ಮನ್ನು ನಂಬಿಸಲೇಬೇಕು ಅನ್ನುವ ಹಟ ನನಗಿಲ್ಲ. ಆದರೆ ಆ ಗಾಜನ್ನು ಒರೆಸಿದ್ದು ನನ್ನ ಕೈ. ಇದು ನಡೆದದ್ದೇ.

ಮೊಬೈಲ್ ಆಗತಾನೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಘಟಪ್ರಭಾದಲ್ಲಿ ನನ್ನದೊಂದು ಗಾಡಿ ವೈರಿಂಗ್ ಅಂಗಡಿ. ನನ್ನ ಅಣ್ಣ ಈರಪ್ಪ, ಮೂಡಲಗಿಯ ಬೆಲ್ಲದ ವ್ಯಾಪಾರಿ ಪದ್ಮಣ್ಣ ಕಾಕಾ ಅವರ ಪಿಕಪ್ ಓಡಿಸುತ್ತಿದ್ದ. ಒಂದು ಮಳೆಗಾಲದ ಸಂಜೆ ಬಂದು, ವೈಪರ್ ಕೆಟ್ಟಿದೆ ಅಂದ.

"ನಾಳಿ ಮಾಡಿಕೊಡ್ತೇನಿ ತಗೊ" ಅಂದೆ.

ವೈಪರ್ ನಿಂತರೆ ನಮ್ಮ ಕಡೆ ಡ್ರೈವರ್‌ಗಳು ಗಾಜಿಗೆ ಹಸಿ ಮಾಡಿದ ತಂಬಾಕು ತಿಕ್ಕುತ್ತಾರೆ. ನೀರು ನಿಲ್ಲದೆ ಜಾರಿ ಹೋಗುತ್ತದೆ. ಆ ರಾತ್ರಿ ಹುಕ್ಕೇರಿ ರಸ್ತೆಯ ತಿರುವಿನಲ್ಲಿ ಅಣ್ಣ ಹಾಗೆ ತಿಕ್ಕಲು ಕೆಳಗಿಳಿದ. ಎದುರಿಗೆ ಬಂದ ಲಾರಿಯವನಿಗೆ ಅವನು ಕಾಣಲಿಲ್ಲ.

ನಾನು ಅಳಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಾಗಿತ್ತು. ಇನ್ನೂ ಬಿಟ್ಟಿಲ್ಲ.

ಮರುವರ್ಷ ಮಳೆಗೆ ಮುಂಚೆ, ಅದೇ ಪಿಕಪ್ಪಿಗೆ ತಾನಾಗಿಯೇ ಓಡುವ ವೈಪರ್ ಕೂಡಿಸಿದೆ. ಕೊಲ್ಲಾಪುರದ ಗುಜರಿಯಲ್ಲಿ ಸಿಕ್ಕ ಸೆನ್ಸರ್ ಅದು. ಗಾಜಿನ ಒಳಗೆ ಅಂಟಿಸಿದರೆ, ಹೊರಗೆ ಹನಿ ಬಿದ್ದದ್ದು ಅದಕ್ಕೆ ಗೊತ್ತಾಗುತ್ತದೆ. ಇನ್ನು ಯಾವ ಡ್ರೈವರೂ ಮಳೆಯಲ್ಲಿ ಕೆಳಗಿಳಿಯಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಒಂದು ತಂಬಿಗೆ ನೀರು ಸುರಿದೆ. ಓಡಿತು. ಗಾಜು ಒಣಗಿದ ಮೇಲೆ ನಿಂತಿತು. ಕತ್ತಲಲ್ಲಿ ಹೇಗೆ ಅಂತ ನೋಡಲು, ರಾತ್ರಿ ಕಾಕಾರನ್ನು ಪಕ್ಕ ಕೂರಿಸಿಕೊಂಡು ಹುಕ್ಕೇರಿ ಕಡೆ ಹೊರಟೆ.

ಆ ತಿರುವು ಬಂತು...

ಚರಕ್... ಚರಕ್... ಒಣ ಗಾಜಿನ ಮೇಲೆ ರಬ್ಬರ್ ಎಳೆಯುವ ಸದ್ದು.

"ಮಳಿ ಬಂತೇನೋ?" ಕಾಕಾ ಮೆಲ್ಲಗೆ ಕೇಳಿದರು.

"ಇಲ್ರಿ ಕಾಕಾ... ಚುಕ್ಕಿ ಕಾಣಾಕತ್ತಾವ."

ಗಾಡಿ ನಿಲ್ಲಿಸಿದೆ. ವೈಪರ್ ನಿಲ್ಲಲಿಲ್ಲ. ಕಿಟಕಿಯಿಂದ ಹಸಿ ತಂಬಾಕಿನ ಘಾಟು ಬಂತು...

"ತಂಬಾಕ ತಿಂದೀ ಏನೋ?"

"ನಾ ಮುಟ್ಟೂದಿಲ್ರಿ." ಜೈನರ ಮನೆಯ ಕಾಕಾ ಅಂತೂ ಅದರ ಹತ್ತಿರವೂ ಸುಳಿದವರಲ್ಲ.

ಇಳಿದು ಟಾರ್ಚ್ ಬಿಟ್ಟೆ. ಡ್ರೈವರ್ ಕಡೆಯಿಂದ ಸೆನ್ಸರ್‌ವರೆಗೆ, ಹೊರಗಿನಿಂದ, ಅಂಗೈ ಅಗಲದ ಕಂದು ಪಟ್ಟೆ. ವೈಪರ್ ಒರೆಸಿದಷ್ಟೂ ಮತ್ತೆ ಮೂಡುತ್ತಿತ್ತು. ಗಡಿಬಿಡಿಯಲ್ಲಿ, ಗುಂಡಗೆ ತಿಕ್ಕಿದ ಹಾಗೆ. ಅಣ್ಣ ತಿಕ್ಕುತ್ತಿದ್ದದ್ದು ಹಾಗೆಯೇ.

ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಅಂಗಿಯ ತುದಿಯಿಂದ ಗಾಜು ಒರೆಸಿದೆ.

"ಅಣ್ಣಾ... ವೈಪರ್ ಕೂಡ್ಸೇನಿ. ತಾನ ಓಡತೈತಿ. ಇನ್ನ ಇಳೀಬ್ಯಾಡೋ."

ವೈಪರ್ ನಿಂತಿತು. ಗಾಡಿ ತಿರುಗಿಸಿ ಕಾಕಾರನ್ನು ಮನೆಗೆ ಬಿಟ್ಟೆ.

ಮರುದಿನ ಸೆನ್ಸರ್ ಬಿಚ್ಚಿ ನೋಡಿದೆ, ಏನೂ ಕೆಟ್ಟಿರಲಿಲ್ಲ. ಬೇರೆ ಎಲ್ಲೂ ಹಾಗಾಗಲೂ ಇಲ್ಲ. ಆದರೆ ಆ ಪಿಕಪ್ಪಿನ ಈಗಿನ ಡ್ರೈವರ್ ಇವತ್ತಿಗೂ ಆಗಾಗ ಬಂದು ನಿಲ್ಲುತ್ತಾನೆ. "ಅಣ್ಣಾರ, ಆ ತಿರುವಿನ್ಯಾಗ ಮಳಿ ಇಲ್ದ ಓಡತೈತ್ರಿ. ಒಂದೀಟ ನೋಡ್ರಿ."

ನಾಳೆ ಅನ್ನುವುದಿಲ್ಲ ನಾನು. ಕೈಯಲ್ಲಿದ್ದ ಕೆಲಸ ಬಿಟ್ಟು ಆಗಲೇ ನೋಡುತ್ತೇನೆ. ಏನೂ ಸಿಗುವುದಿಲ್ಲ... ಗಾಜು ಒರೆಸಿದ ಬಟ್ಟೆ ಮಾತ್ರ ತಂಬಾಕು ನಾರುತ್ತದೆ.

ಅಣ್ಣ ನನ್ನ ಮಾತನ್ನು ಇನ್ನೂ ನಂಬಿಲ್ಲ. ಯಾಕಾದರೂ ನಂಬಿಯಾನು?