ಅವರಿಗೆ ಕಾಣದ ಚೌಕ

ಅವರ ಕತ್ತು ಸದಾ ಎಡಕ್ಕೆ ವಾಲಿರುತ್ತಿತ್ತು. ದೆಹಲಿಯ ಹೌಜ್ ಖಾಸ್‌ನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು ಇಪ್ಪತ್ತು ವರ್ಷ ನೋಡಿಕೊಂಡ ಆ ಮೇಡಂ, ಎರಡೂ ಕೈಗಳನ್ನು ಕೀಲಿಮಣೆಯ ಮೇಲಿರಿಸಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಮಾತನಾಡಿದವರು. ನಾನು ಅವರನ್ನು ಮುಖತಃ ಕಂಡದ್ದು ಕನ್ನಡಿಗರ ಕೂಟವೊಂದರಲ್ಲಿ, ಒಂದೇ ಸಲ. ಅಂದು ಫೋನಿರಲಿಲ್ಲ, ಕತ್ತು ವಾಲಿಯೇ ಇತ್ತು.

ಗುಮಾಸ್ತಿಕೆಯಿಂದ ನಿವೃತ್ತನಾದ ನಾನು ಪೀತಮ್‌ಪುರದಲ್ಲಿ ಒಬ್ಬನೇ ಇದ್ದೆ. ಶಾಸನಗಳನ್ನು ಓದಲು ಸ್ವಂತವಾಗಿ ಕಲಿತು, ಪಠ್ಯಪುಸ್ತಕಗಳ ಇತಿಹಾಸವನ್ನು ಪ್ರಶ್ನಿಸುವ ಗ್ರಂಥವೊಂದನ್ನು ಬರೆಯುತ್ತಿದ್ದೆ. ಹೊಸ ಕಂಪ್ಯೂಟರಿನಲ್ಲಿ ನನ್ನ ಕನ್ನಡ ಪುಟಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾದಾಗ ಮೇಡಂ ನೆರವಿಗೆ ಬಂದರು. ಭಾನುವಾರ ಮಧ್ಯಾಹ್ನ ತಮ್ಮ ಮನೆಯಿಂದಲೇ ಇಂಟರ್ನೆಟ್ ಮೂಲಕ ನನ್ನ ಪರದೆಯನ್ನು ನೋಡುತ್ತ ದುರಸ್ತಿಗೆ ತೊಡಗಿದರು.

ತೊಡಕು ಒಂದೇ. ಏನನ್ನು ಅಳವಡಿಸಹೊರಟರೂ ಯಂತ್ರ ಅನುಮತಿ ಕೇಳುವ ಚೌಕವೊಂದನ್ನು ಮುಂದೊಡ್ಡುತ್ತಿತ್ತು. ಆ ಕ್ಷಣ ಅವರ ಕಡೆ ಪರದೆ ಕಪ್ಪಾಗುತ್ತಿತ್ತು. ಒತ್ತುವ ಅಧಿಕಾರ ಯಂತ್ರದ ಮುಂದೆ ಕುಳಿತ ನನಗೆ ಮಾತ್ರ.

“ಸರ್, ನನಗೆ ಕತ್ತಲಾಯ್ತು. ಏನು ಬಂದಿದೆ ಓದಿ.”

“ತಯಾರಕರು ಯಾರೋ ಗೊತ್ತಿಲ್ಲ ಅನ್ನುತ್ತೆ ಮೇಡಂ. ಗೊತ್ತಿಲ್ಲದವರನ್ನು ನಾನ್ಯಾಕೆ ಒಳಗೆ ಬಿಡಲಿ?”

“ಅದು ನಮ್ಮ ಕನ್ನಡದ್ದೇ ತಂತ್ರಾಂಶ ಸರ್, ನಾನೇ ಕಳಿಸಿದ್ದು.”

“ನೀವು ಹೇಳ್ತೀರಿ. ಪುರಾವೆ?”

ರದ್ದು ಮಾಡಿದೆ. ಕೆಲಸ ಮತ್ತೆ ಮೊದಲಿನಿಂದ. ಮೂರು ಸಲ ಹೀಗಾದರೂ ಅವರು ರೇಗಲಿಲ್ಲ. “ಅಚ್ಛಾ, ಪುರಾವೆ ಕೊಡೋಣ. ಇದನ್ನು ಓದಿ ನೋಡಿದವರು ನೀವೊಬ್ಬರೇ. ಮಿಕ್ಕವರೆಲ್ಲ ಕಣ್ಣು ಮುಚ್ಚಿ ಹೂಂ ಅಂತಾರೆ,” ಎಂದು ನಕ್ಕರು. ಅದನ್ನು ಸಿದ್ಧಪಡಿಸಿದವರು ಯಾರೆಂದು ವಿವರಿಸಿದ ಮೇಲೆಯೇ ನಾನು ಒತ್ತಿದ್ದು. ಕನ್ನಡ ಮೂಡಿತು.

ಆಮೇಲೂ ಭಾನುವಾರಗಳು ನಿಲ್ಲಲಿಲ್ಲ. ದುರಸ್ತಿ ಇಲ್ಲದಿದ್ದರೆ ನಾನೇ ಒಂದನ್ನು ಹುಡುಕುತ್ತಿದ್ದೆ. ನಡುವೆ ಗ್ರಂಥದ ಪುಟವೊಂದನ್ನು ಓದಿದರೆ, “ಪುರಾವೆ, ಸರ್?” ಎನ್ನುತ್ತಿದ್ದರು. ಆ ಪ್ರಶ್ನೆಗೆ ನಿಲ್ಲಲಾರದ ಎರಡು ಅಧ್ಯಾಯಗಳನ್ನು ನಾನೇ ಕಿತ್ತುಹಾಕಿದೆ; ಉಳಿದದ್ದು ಗಟ್ಟಿಯಾಗಿರುವುದು ಅವರಿಂದ.

ಒಮ್ಮೆ ಅವರೇ ಕೇಳಿದರು: “ಆ ಚೌಕವನ್ನು ಬಂದ್ ಮಾಡಿಬಿಡ್ಲಾ ಸರ್? ನೀವು ಕೂರೋದೇ ಬೇಡ, ಮಾತಿಲ್ಲದೆ ಮುಗಿಸ್ತೀನಿ.”

“ಬೇಡ. ಭದ್ರತೆಯ ವಿಷಯ,” ಎಂದೆ.

“ಒಳ್ಳೇದಾಯ್ತು. ಭಾನುವಾರ ನನಗೂ ಬೇರೆ ಯಾರ ಫೋನೂ ಬರಲ್ಲ.”

ಚಳಿಗಾಲದ ಒಂದು ಭಾನುವಾರ ಅವರ ಫೋನನ್ನು ತಂಗಿ ಎತ್ತಿದರು. “ಅಕ್ಕ ಬುಧವಾರ ಹೋಗಿಬಿಟ್ಟಳು,” ಎಂದರು. ನ್ಯುಮೋನಿಯಾ. ಹಿಂದಿನ ವಾರ ಕೆಮ್ಮುತ್ತಲೇ ನನ್ನೊಡನೆ ವಾದಿಸಿದ್ದರು, ಕಾಯಿಲೆಯ ಮಾತೆತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಚೌಕ ಬರಿಯ ಅಡ್ಡಿ ಎಂದು ಬಲ್ಲವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇನ್ನೊಂದು ಭಾನುವಾರ ಯಂತ್ರ ಮತ್ತೆ ಕೆಟ್ಟಾಗ ಮಾರ್ಕೆಟ್ಟಿನ ಅಂಗಡಿಯವನು ಮನೆಗೇ ಬಂದು ಹತ್ತು ನಿಮಿಷದಲ್ಲಿ ಸರಿಪಡಿಸಿದ. ಚೌಕವನ್ನೂ ನಿಲ್ಲಿಸಿದ್ದ. “ಅಬ್ ಕುಛ್ ನಹೀಂ ಪೂಛೇಗಾ, ಅಂಕಲ್‌ಜೀ,” ಎಂದ. ಇನ್ನು ಅದು ಏನನ್ನೂ ಕೇಳದು.

ಮತ್ತೆ ಹಾಕಲು ಹೇಳಿದೆ. “ಚಲೋ, ಆಪ್‌ಕೀ ಮರ್ಜೀ,” ಎಂದು ಹಾಕಿ ಹೊರಟುಹೋದ. ಯಂತ್ರ ಸರಿಯಾಗಿತ್ತು, ಭಾನುವಾರ ಇನ್ನೂ ಅರ್ಧ ಉಳಿದಿತ್ತು.