ಇಳಿಜಾರಿನಲ್ಲಿ ನಾನು ಬಿಟ್ಟ ಗಾಡಿ

ತಂಗಿಯ ಮೇಲೆ ಬಂದ ಒಂದು ಅಪವಾದವನ್ನು ನಾನು ತೆಗೆಯಬೇಕಿತ್ತು. ತೆಗೆಯಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಣ್ಣುತ್ತ ಸುಮ್ಮನಿದ್ದೆ. ಬಳೆಯ ಗಾಡಿ ಉರುಳಿದ ದಿನ ಹಗ್ಗ ಬಿಟ್ಟವಳು ಅವಳು ಎಂದು ಎಲ್ಲರೂ ನಂಬಿದ್ದರು. ಹಾಗೆ ಹೇಳಿದವನು ನಾನು. ಗಾಡಿಯನ್ನು ಬಿಟ್ಟವನೂ ನಾನೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಪ್ಪ ಹೋದ ಮೇಲೆ ಅವನ ತಳ್ಳುಗಾಡಿ ನನ್ನ ಕೈಗೆ ಬಂತು. ಬಳೇಪೇಟೆಯ ಸಗಟು ಅಂಗಡಿಗಳಿಂದ ಗಾಜಿನ ಬಳೆಯ ಪೆಟ್ಟಿಗೆಗಳನ್ನು ಹೇರಿಕೊಂಡು ಸುತ್ತಮುತ್ತಲ ಅಂಗಡಿಗಳಿಗೆ ಸಾಗಿಸುವುದು ಕೆಲಸ. ಖಾಲಿ ಗಾಡಿಯನ್ನು ಒಂದೇ ಕೈಯಲ್ಲಿ ನಿಲ್ಲಿಸಬಹುದು. ತುಂಬಿದ ಗಾಡಿ ಒಮ್ಮೆ ಹೊರಟಿತೆಂದರೆ ನಮ್ಮ ಮಾತು ಕೇಳುವುದಿಲ್ಲ. ಇದನ್ನು ತಿಳಿಯಲು ನನಗೆ ಪುಸ್ತಕ ಬೇಕಿರಲಿಲ್ಲ, ಭುಜಕ್ಕೆ ಗೊತ್ತಿತ್ತು.

ಇಳಿಜಾರಿನಲ್ಲಿ ಗಾಡಿಗೆ ಇಬ್ಬರು ಇರಲೇಬೇಕೆನ್ನುವುದು ಪೇಟೆಯ ಪದ್ಧತಿ. ಒಬ್ಬ ಮುಂದೆ ನಿಂತು, ಗಾಡಿಗೆ ಬೆನ್ನು ಕೊಟ್ಟು, ಹಿಮ್ಮಡಿ ಊರುತ್ತ ಇಳಿಯಬೇಕು. ಇನ್ನೊಬ್ಬ ಹಿಂದೆ, ಗಾಡಿಗೆ ಕಟ್ಟಿದ ಹಗ್ಗವನ್ನು ಬೆರಳುಗಳಿಗೆ ಒಂದು ಸುತ್ತು ಸುತ್ತಿ ಹಿಂದಕ್ಕೆ ವಾಲಬೇಕು. ಭೂಮಿ ಕೆಳಗೆ ಎಳೆಯುತ್ತಲೇ ಇರುತ್ತದೆ, ಅದಕ್ಕೆ ದಣಿವಿಲ್ಲ. ದಣಿಯುವವರು ನಾವು. ಅದಕ್ಕೇ ಇಬ್ಬರು.

ಗೌರಿ ಹಬ್ಬಕ್ಕೆ ಎರಡು ದಿನವಿತ್ತು. ಹಗ್ಗ ಹಿಡಿಯುತ್ತಿದ್ದ ಜೊತೆಗಾರ ಜ್ವರದಲ್ಲಿ ಮಲಗಿದ್ದ. ನಾನು ತಂಗಿಯನ್ನು ಆ ದಿನ ಶಾಲೆ ತಪ್ಪಿಸಿ ಕರೆದುಕೊಂಡು ಹೋದೆ. ಅವಳಿಗೆ ಹದಿಮೂರು, ಏಳನೇ ಕ್ಲಾಸು. ನನಗೆ ಹತ್ತೊಂಬತ್ತು. ಬೆಳಿಗ್ಗೆ ಸಣ್ಣಗೆ ಮಳೆ ಬಂದು ನಿಂತಿತ್ತು. ಎರಡು ಸಲಕ್ಕೆ ಆಗುವ ಪೆಟ್ಟಿಗೆಗಳನ್ನು ನಾನು ಒಂದೇ ಸಲಕ್ಕೆ ಹೇರಿದೆ. ಕಾರಣ ಹೇಳಲು ನಾಚಿಕೆ: ಬೇಗ ಮುಗಿಸಿ ಮ್ಯಾಟಿನಿ ಶೋಗೆ ಹೋಗಬೇಕಿತ್ತು.

ತಂಗಿ ಹೊರೆಯನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದಳು. ಆ ವಾರ ಶಾಲೆಯಲ್ಲಿ ಘರ್ಷಣೆಯ ಪಾಠ ನಡೆದಿತ್ತಂತೆ.

"ಅಣ್ಣಾ, ಎರಡು ಸಲ ಹೋಗೋಣ. ನೆಲ ಒದ್ದೆ ಇದೆ, ಕಾಲಿಗೆ ಘರ್ಷಣೆ ಸಿಗಲ್ಲ."

"ಘರ್ಷಣೆಯಂತೆ! ನಿಮ್ಮ ಮಿಸ್‌ನ ಕರ್ಕೊಂಡ್ಬಾ, ಅವರೇ ತಳ್ಳಲಿ" ಎಂದೆ.

ಅಂಗಡಿಯವರು ನಕ್ಕರು. ಅವಳೂ ನಕ್ಕು ಹಿಂದಕ್ಕೆ ಹೋಗಿ ಹಗ್ಗ ಹಿಡಿದಳು. ಏನೇ ಆದರೂ ಹಗ್ಗ ಬಿಡಬೇಡ ಎಂದು ನಾನು ಗದರಿದೆ.

ಇಳಿಜಾರಿನ ನಡುವೆ ನನ್ನ ಹಿಮ್ಮಡಿ ಜಾರಿತು. ಇನ್ನೊಂದು ಕಾಲನ್ನು ಊರಿದೆ, ಅದೂ ಜಾರಿತು. ಬೆನ್ನಿನ ಮೇಲೆ ಅಷ್ಟೂ ಹೊರೆ ಬಂದು ಕೂತಂತಾಯಿತು. ಅಲ್ಲೇ ನಿಂತರೆ ಗಾಡಿ ನನ್ನ ಮೇಲೆ ಹಾಯುತ್ತದೆ ಎಂದು ಗೊತ್ತಾಯಿತು. ಪಕ್ಕಕ್ಕೆ ಹಾರಿದೆ. ಹಾರಿದ್ದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ, ಜೀವಕ್ಕೆ ಹೆದರದವರು ಯಾರು? ಆದರೆ ಹಾರುವಾಗ "ಬಿಡು" ಎಂದು ಒಂದು ಕೂಗು ಹಾಕಬಹುದಿತ್ತು. ಬಾಯಿ ಬರಲಿಲ್ಲ. ಅವಳು ನಾನು ಹೇಳಿದ ಹಾಗೇ ಹಗ್ಗ ಬಿಡಲಿಲ್ಲ. ಹತ್ತು ಮಾರು ದೂರ ಗಾಡಿ ಅವಳನ್ನು ಎಳೆದುಕೊಂಡು ಹೋಯಿತು. ಅಂಗಡಿಯೊಂದರ ಕಲ್ಲಿನ ಮೆಟ್ಟಿಲಿಗೆ ಬಡಿದು ಮಗುಚಿತು. ಹಬ್ಬದ ಗದ್ದಲದಲ್ಲಿ ಜನ ತಿರುಗಿ ನೋಡಿದ್ದು ಆ ಸದ್ದಿಗೇ.

ನಮ್ಮಲ್ಲಿ ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ, ಮುತ್ತೈದೆಯರು ತುಂಬಿದ ಬೀದಿಯಲ್ಲಿ, ಒಂದು ಗಾಡಿ ಹಸಿರು ಬಳೆ ಹೆಚ್ಚಿತ್ತು. ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳಿದಳು. ಯಾರು ಬಿಟ್ಟಿದ್ದು ಎಂದು ಸಗಟು ಅಂಗಡಿಯ ಯಜಮಾನ ಓಡಿ ಬಂದು ಕೇಳಿದ. ತಂಗಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ನನ್ನ ಬಾಯಿ ಆಗ ಚೆನ್ನಾಗಿ ಬಂತು.

"ಹಿಂದೆ ಹಗ್ಗ ಬಿಟ್ಬಿಟ್ಲು" ಎಂದೆ.

ಆಸ್ಪತ್ರೆಯಲ್ಲಿ ಅವಳ ಬಲಗೈಯ ಎರಡು ಬೆರಳಿಗೆ ಕಟ್ಟು ಹಾಕಿದರು, ಅವು ಮತ್ತೆ ನೆಟ್ಟಗಾಗಲಿಲ್ಲ. ತಲೆಗೂ ಪೆಟ್ಟು ಬಿದ್ದಿತ್ತು. ಮಾರನೆಯ ದಿನ ಅವಳು ನನ್ನನ್ನು ಹತ್ತಿರ ಕರೆದಳು.

"ಅಣ್ಣಾ, ನಾನು ಬಿಟ್ಬಿಟ್ಟೆನಾ? ನಂಗೆ ನೆನಪೇ ಇಲ್ಲ."

ಇಲ್ಲ ಎನ್ನಲು ಅದಕ್ಕಿಂತ ಸುಲಭದ ಹೊತ್ತು ಮತ್ತೆ ಬರಲಿಲ್ಲ. "ಹೂಂ, ಇರಲಿ ಬಿಡು" ಎಂದೆ, ಅವಳನ್ನು ಕ್ಷಮಿಸಿದವನಂತೆ. ಅವಳು ಅತ್ತಳು. ನಾನು ಕಣ್ಣೊರೆಸಿದೆ.

ಆಮೇಲೆ ಆ ಮಾತನ್ನು ನಾನು ಮುಂದಕ್ಕೆ ತಳ್ಳಬೇಕಾಗಲಿಲ್ಲ. ಅಮ್ಮ ತಳ್ಳಿದಳು, ಶ್ರೀರಾಂಪುರದ ನಮ್ಮ ಬೀದಿಯವರು ತಳ್ಳಿದರು. ಒಂದು ಗಾಡಿ ಬಳೆ ಒಡೆದ ಕೈ ಎಂದರು. ಅವಳಿಗೆ ಗಂಡು ನೋಡಲು ಬಂದವರು ಬಾಗಿದ ಬೆರಳುಗಳನ್ನು ಕಂಡು ಏನಾಯಿತೆಂದು ಕೇಳುತ್ತಿದ್ದರು. ಅಮ್ಮ ಹೇಳದಿದ್ದರೆ ಪಕ್ಕದ ಮನೆಯವರು ಹೇಳುತ್ತಿದ್ದರು. ಬಳೆ ಒಡೆದ ಕೈಗೆ ಬಳೆ ತೊಡಿಸಲು ಯಾರೂ ಒಪ್ಪಲಿಲ್ಲ. ನನ್ನ ಮದುವೆ ಮಾತ್ರ ಸಲೀಸಾಗಿ ಆಯಿತು. ನನ್ನ ಹೆಂಡತಿಯ ಸೀಮಂತದಲ್ಲಿ ಬಳೆ ತೊಡಿಸುವ ಹೊತ್ತಿಗೆ ಅಮ್ಮ ತಂಗಿಯನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಎಳೆದುಕೊಂಡಳು. ನಾನು ಹಾಲ್‌ನಲ್ಲಿ ಬಂದವರಿಗೆ ಕುರ್ಚಿ ಹಾಕುತ್ತಿದ್ದೆ. ಬಾಗಿಲು ಮುಚ್ಚುವುದನ್ನು ನೋಡಿದೆ. ಇನ್ನೊಂದು ಕುರ್ಚಿ ಹಾಕಿದೆ.

ತಂಗಿ ಉಳಿದ ಮೂರು ಬೆರಳಿನಲ್ಲೇ ಪೆನ್ನು ಹಿಡಿದು ಪಿಯುಸಿ ಮುಗಿಸಿದಳು. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದಳು. ಆರು, ಏಳು, ಎಂಟನೇ ಕ್ಲಾಸಿನವರಿಗೆ ವಿಜ್ಞಾನ. ನಾನು ಗಾಡಿ ಮಾರಿ ಲಗೇಜ್ ಆಟೋ ಓಡಿಸತೊಡಗಿದೆ. ಅಮ್ಮ ಮೂರು ವರ್ಷದ ಹಿಂದೆ ತೀರಿಕೊಂಡಳು. ಕೊನೆಯ ದಿನಗಳಲ್ಲೂ, ಅವಳ ಮೈ ಒರೆಸುತ್ತಿದ್ದ ತಂಗಿಗೆ, ನಿನ್ನ ಕೈ ನೆಟ್ಟಗಿದ್ದಿದ್ದರೆ ನಿನಗೂ ಒಂದು ಮನೆ ಇರುತ್ತಿತ್ತು ಎನ್ನುತ್ತಿದ್ದಳು. ಅಮ್ಮ ಹೋದ ದಿನ ನನಗೆ ದುಃಖದ ಜೊತೆಗೆ ಒಂದು ಸಮಾಧಾನವೂ ಆಯಿತು. ಇನ್ನು ಅಮ್ಮನಿಗೆ ಹೇಳಬೇಕಾಗಿಲ್ಲವಲ್ಲ ಎನ್ನುವ ಸಮಾಧಾನ. ನಾನು ಎಂಥವನು ಎನ್ನುವುದಕ್ಕೆ ಇಷ್ಟು ಸಾಕು.

ಈ ವರ್ಷದ ಅವರೆಕಾಯಿ ಕಾಲ. ಭಾನುವಾರ ಬೆಳಿಗ್ಗೆ ಹೊಸ್ತಿಲ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆ. ಕೋಣೆಯಲ್ಲಿ ಆರೇಳು ಮಕ್ಕಳು. ಬಲ ಮತ್ತು ಚಲನೆಯ ಪಾಠ. ಮಕ್ಕಳಿಗೆ ತಲೆಗೆ ಹತ್ತಲಿಲ್ಲವೆಂದು ಕಾಣುತ್ತದೆ, ತಂಗಿ ಪುಸ್ತಕ ಮುಚ್ಚಿ ಗಾಡಿಯ ಕತೆ ಹೇಳಿದಳು. ತುಂಬಿದ ಗಾಡಿಯನ್ನು ನಿಲ್ಲಿಸಲು ಎಷ್ಟು ಬಲ ಬೇಕು, ನೆಲ ಒದ್ದೆಯಾದರೆ ಏನಾಗುತ್ತದೆ, ಎಲ್ಲ ಹೇಳಿದಳು. ನಿಮ್ಮ ವಯಸ್ಸಿನಲ್ಲಿ ನಾನು ಹಗ್ಗ ಬಿಟ್ಟುಬಿಟ್ಟೆ, ಅದರ ಗುರುತು ನೋಡಿ ಎಂದು ಕೈ ಎತ್ತಿ ತೋರಿಸಿದಳು. ಬೆರಳಿನ ಸುತ್ತ ಹಗ್ಗ ಕೊಯ್ದ ಗೆರೆ ಇನ್ನೂ ಇದೆ. ಅವಳ ದನಿಯಲ್ಲಿ ನೋವಿರಲಿಲ್ಲ. ಎರಡೂ ಎರಡೂ ನಾಲ್ಕು ಎನ್ನುವ ಹಾಗೆ ಹೇಳಿದಳು.

ಮೂಲೆಯಲ್ಲಿದ್ದ ಏಳನೇ ಕ್ಲಾಸಿನ ಒಬ್ಬ ಹುಡುಗಿ ಕೈ ಎತ್ತಿದಳು.

"ಮಿಸ್, ಹಗ್ಗ ಬಿಟ್ರೆ ಅದು ಎಳೆಯಲ್ಲ ಅಲ್ವಾ? ಬಿಟ್ಮೇಲೆ ಬೆರಳು ಹೇಗೆ ಕೊಯ್ತು?"

ಉಳಿದ ಮಕ್ಕಳು ನಕ್ಕರು. ಮಿಸ್‌ಗೇ ಪಾಠ ಹೇಳ್ತಾಳೆ ನೋಡೋ ಎಂದು ಯಾರೋ ಕಿಚಾಯಿಸಿದರು. ತಂಗಿ ನಗಲಿಲ್ಲ. ತನ್ನ ಬೆರಳನ್ನೇ ನೋಡಿಕೊಂಡಳು. ಹಗ್ಗ ಸಿಕ್ಕಿಹಾಕಿಕೊಂಡಿರಬೇಕು ಎಂದಳು. ಆಮೇಲೆ ನೆನಪಿಲ್ಲ ಎಂದಳು. ಕೊನೆಗೆ, ಸುಲಿದ ಕಾಳಿನ ತಟ್ಟೆ ಹಿಡಿದು ಕೂತಿದ್ದ ನನ್ನ ಕಡೆ ತಿರುಗಿದಳು. ಅನುಮಾನದಿಂದ ಅಲ್ಲ. ಆ ದಿನ ಗಾಡಿಯ ಜೊತೆಗಿದ್ದವನು ನಾನೊಬ್ಬನೇ, ನೋಡಿದವನು ಹೇಳಲಿ ಎಂದು.

"ಅಣ್ಣಾ, ಹೇಗಾಯ್ತು ಹೇಳು ಇವಳಿಗೆ."

ತಟ್ಟೆ ಕೆಳಗಿಟ್ಟೆ. ನಾಲ್ಕು ಜನರ ಮುಂದೆ ಹೇಳಿದ ಸುಳ್ಳನ್ನು ಒಳಗೆ ಕರೆದು ಗುಟ್ಟಾಗಿ ತಿದ್ದುವುದು ಇನ್ನೊಂದು ಹೇಡಿತನ ಅನ್ನಿಸಿತು. ಮಕ್ಕಳ ಎದುರಿಗೇ ಹೇಳಿದೆ. ಅವಳು ಬಿಡಲಿಲ್ಲ, ಬಿಡದ್ದಕ್ಕೇ ಹಗ್ಗ ಬೆರಳನ್ನು ಕೊಯ್ದಿತು, ಮುಂದಿನಿಂದ ಹಾರಿದವನು ನಾನು ಎಂದೆ. ಎರಡು ಸಲ ಹೋಗೋಣ ಎಂದು ಅವಳು ಹೇಳಿದ್ದನ್ನೂ, ನಾನು ಕೇಳದಿದ್ದುದನ್ನೂ ಹೇಳಿದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಅವರನ್ನು ಮನೆಗೆ ಹೋಗಲು ಹೇಳಿದಳು. ಚಪ್ಪಲಿಗಳ ಸದ್ದು ಬೀದಿಗೆ ಇಳಿದು ಹೋಗುವವರೆಗೂ ಕೂತಲ್ಲೇ ಕೂತಿದ್ದಳು.

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ. ಹೇಳ್ಲಿಲ್ಲ."

ಅವಳು ಮುಚ್ಚಿಟ್ಟಿದ್ದ ಪುಸ್ತಕವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. ಮಾತು ತಡವರಿಸಿತು, ಆದರೂ ಬಂತು.

"ತಪ್ಪು ನಂದು ಕಣೇ. ಗಾಡಿ ಬಿಟ್ಟಿದ್ದಕ್ಕಲ್ಲ, ನಿನ್ನ ಮೇಲೆ ಹಾಕಿದ್ದಕ್ಕೆ. ಅಮ್ಮ ನಿನ್ನ ಅಂದಾಗೆಲ್ಲ ಸುಮ್ನಿದ್ದಿದ್ದಕ್ಕೆ. ಕ್ಷಮಿಸು ಅಂತ ಕೇಳೋಕೂ ನಂಗೆ ಮುಖ ಇಲ್ಲ. ಆದ್ರೂ ಕೇಳ್ತಿದೀನಿ, ಕ್ಷಮಿಸು."