ಶರಣಮ್ಮ ನೋಡಿದ ಮದುವೆಗಳು

ಮೊನ್ನೆ ಅಮೀರ್‌ಪೇಟ್ ಸ್ಟೇಷನ್ನಿನಲ್ಲಿ ಮೆಟ್ರೊ ಬದಲಿಸಲು ನಿಂತಿದ್ದಾಗ ಪಕ್ಕದ ಹುಡುಗಿಯ ಮೊಬೈಲಿನಿಂದ ನಾದಸ್ವರ ಕೇಳಿಸಿತು. ಬಗ್ಗಿ ನೋಡಿದೆ. ಬಾಳೆಕಂಬ ಕಟ್ಟಿದ ದೊಡ್ಡ ಮನೆ, ಅರಿಸಿನ ಎರಚಾಡುವ ನೆಂಟರು, ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತ ಅಪ್ಪ. ನೀವೂ ಇಂಥವನ್ನು ನೋಡಿರುತ್ತೀರಿ. ಅರ್ಧ ನಿಮಿಷದಲ್ಲಿ ಇಡೀ ಕತೆ ಹೇಳಬಹುದು. ಆದರೂ ಅಪ್ಪನ ಮನಸ್ಸು ಕರಗುವವರೆಗೆ ಅವಳ ಹೆಗಲ ಮೇಲಿಂದ ಇಣುಕುತ್ತ ನಿಂತು, ನಾನು ಹತ್ತಬೇಕಿದ್ದ ರೈಲನ್ನು ನೆಮ್ಮದಿಯಾಗಿ ತಪ್ಪಿಸಿಕೊಂಡೆ.

ಇದೇ ಅಮೀರ್‌ಪೇಟ್‌ಗೆ ನಾನು ಮೈಸೂರಿನಿಂದ ಬಂದು ಇಳಿದಾಗ ಮೆಟ್ರೊ ಇರಲಿಲ್ಲ. ಗೋಡೆ ಗೋಡೆಗೂ ಕಂಪ್ಯೂಟರ್ ಕೋರ್ಸುಗಳ ಪೋಸ್ಟರ್ ಇದ್ದವು. ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಹೈಟೆಕ್ ಸಿಟಿ ಸೇರುವ ಆಸೆಯಲ್ಲಿ ಒಂದು ಲೇಡೀಸ್ ಹಾಸ್ಟೆಲ್‌ನಲ್ಲಿದ್ದೆ. ಅಲ್ಲಿನ ಅಡುಗೆಯವರು ಶರಣಮ್ಮ. ಯಾದಗಿರಿ ಕಡೆಯವರು, ನಲವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕನ್ನಡದವಳೆಂದು ನನ್ನನ್ನು ‘ತಂಗಿ’ ಎನ್ನುತ್ತಿದ್ದರು, ರೊಟ್ಟಿಯ ಜೊತೆ ಒಂದಿಷ್ಟು ಶೇಂಗಾ ಚಟ್ನಿ ಹೆಚ್ಚಿಗೆ ಹಾಕುತ್ತಿದ್ದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಲ್‌ನ ಟೀವಿಯಲ್ಲಿ ತೆಲುಗು ಸಿನಿಮಾ. ಹೆಚ್ಚುಕಡಿಮೆ ಪ್ರತಿ ವಾರವೂ ಮದುವೆಮನೆಯ ಕತೆಯೇ. ಹುಡುಗಿಯರೆಲ್ಲ ಮುಂದೇನಾಗುತ್ತದೆಂದು ಮೊದಲೇ ಕೂಗಿ ಹೇಳುತ್ತ ನಗುತ್ತಿದ್ದೆವು. ಅದರಲ್ಲಿ ನಾನೇ ಮುಂದು. ತಪ್ಪು ಹುಡುಕುವುದನ್ನೇ ವಿದ್ಯೆಯಾಗಿ ಕಲಿಯುತ್ತಿದ್ದವಳಲ್ಲವೇ. ಶರಣಮ್ಮ ಮಾತ್ರ ಬಾಗಿಲ ಪಕ್ಕ ಗೋಡೆಗೆ ಒರಗಿ, ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದರು. ಧಾರೆಯ ಹೊತ್ತಿಗೆ ಅವರ ಬಾಯಿ ಸಣ್ಣಗೆ ತೆರೆದಿರುತ್ತಿತ್ತು.

“ಕೊನೆ ಗೊತ್ತಿದ್ದೂ ಹೇಗೆ ನೋಡ್ತೀರಿ ಶರಣಮ್ಮ?” ಎಂದು ಒಮ್ಮೆ ಕೇಳಿದೆ.

“ಗೊತ್ತಿದ್ರ ಏನಾತು ತಂಗಿ,” ಅಂದರು. “ಆಗೂದು ನೋಡಬೇಕಲ್ಲ.”

ಆ ಮಾತು ನನಗೆ ಪೆದ್ದು ಅನ್ನಿಸಿತ್ತು. ನನ್ನ ಬುದ್ಧಿವಂತಿಕೆ ಎಷ್ಟರದೆಂದು ಈಗ ಹೇಳಿಬಿಡುತ್ತೇನೆ. ಹಾಸ್ಟೆಲ್ ಎದುರು ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಸಿದ್ರಾಮಪ್ಪ ಎಂಬ ಗೌಂಡಿ ಗಾರೆ ಕೆಲಸ ಮಾಡುತ್ತಿದ್ದರು. ಸಿಂಧನೂರಿನವರು, ಹೆಂಡತಿ ಇಲ್ಲ, ಮಕ್ಕಳಿಲ್ಲ. ಕುಡಿಯುವ ನೀರಿಗೆ ನಮ್ಮ ಹಿಂಬಾಗಿಲಿಗೆ ಬರುತ್ತಿದ್ದರು. ಶರಣಮ್ಮ ತುಂಬಿ ಕೊಟ್ಟ ಕೊಡವನ್ನು ಸಂಜೆ ಫಳಫಳ ಬೆಳಗಿ ತಂದಿಡುತ್ತಿದ್ದರು. ಕೆಲವು ದಿನ ಅದರೊಳಗೆ ಒಂದು ಹಿಡಿ ಕರಿಬೇವು ಇರುತ್ತಿತ್ತು, ಕೆಲವು ದಿನ ನಾಲ್ಕು ನಿಂಬೆಹಣ್ಣು. ಆರು ತಿಂಗಳು ಇದು ನನ್ನ ಕಣ್ಣೆದುರೇ ನಡೆಯಿತು. ಟೀವಿಯಲ್ಲಿ ಮೊದಲ ದೃಶ್ಯಕ್ಕೇ ಜೋಡಿ ಗುರುತಿಸುತ್ತಿದ್ದವಳು, ಈ ಮನುಷ್ಯ ಬಹಳ ಶುಚಿ ಅಂದುಕೊಂಡಿದ್ದೆ.

ಅವರಿಬ್ಬರ ಮದುವೆಯ ಸುದ್ದಿ ತಿಳಿದದ್ದು ಫೋನಿನಿಂದ. ವಾರ್ಡನ್ ಇಲ್ಲದ ದಿನ ನಾನೇ ಎತ್ತಿದೆ. ಊರಿನಿಂದ ಶರಣಮ್ಮನ ತಮ್ಮ ಭೀಮರಾಯ. ತಾಯಿ ಹೋದ ಮೇಲೆ ಅಕ್ಕನ ಕೈಯಲ್ಲೇ ಬೆಳೆದವನು.

“ನಮ್ಮಕ್ಕಗ ಹೇಳ್ರಿ ಮೇಡಂ. ಉಡಕಿ ಮಾಡ್ಕೊಂತಿದ್ರ ಮಾಡ್ಕೊಳ್ಳಿ, ನಾ ಬ್ಯಾಡ ಅನ್ನಾಕತ್ತಿಲ್ಲ. ಹಾಡಹಗಲ ಬಾಸಿಂಗ ಕಟ್ಕೊಂಡು ಅಕ್ಕಿಕಾಳು ಹಾಕಸ್ಕೊಂತೀನಿ ಅಂದ್ರ ನಾ ಬರಂಗಿಲ್ಲ.”

ಉಡಕಿ ಎಂದರೆ ಅವರ ಕಡೆ ವಿಧವೆಗೆ ಸದ್ದಿಲ್ಲದೆ ಸೀರೆ ಉಡಿಸಿ ಮಾಡುವ ಮರುಮದುವೆ. ವಾದ್ಯವಿಲ್ಲ, ಬಾಸಿಂಗವಿಲ್ಲ, ಅಕ್ಕಿಕಾಳು ಎಂದು ಅವರು ಕರೆಯುವ ಅಕ್ಷತೆಯೂ ಇಲ್ಲ. ಅಡುಗೆಮನೆಗೆ ಹೋಗಿ ಅವನ ಮಾತನ್ನು ಇದ್ದಂತೆಯೇ ಹೇಳಿದೆ. ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಅವ ಬರಲಿಲ್ಲ ಅಂದ್ರ ನನ್ನ ಕಡಿಯವ್ರು ಅಂತ ಯಾರೂ ಇರಂಗಿಲ್ಲ,” ಅಂದರು. “ಆದ್ರೂ ಹಗಲೇ ಆಗ್ತೀನಿ ತಂಗಿ.”

ಸಿದ್ರಾಮಪ್ಪನ ಸ್ನೇಹಿತರೊಬ್ಬರು ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ನೌಕರರು. ಅವರ ಬೀದಿಯ ಚಿಕ್ಕ ಈಶ್ವರನ ಗುಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ಹೆಣ್ಣಿನ ಕಡೆಯವರೆಂದು ಹಾಸ್ಟೆಲ್‌ನ ಹನ್ನೊಂದು ಹುಡುಗಿಯರು ಬಸ್ಸು ಹತ್ತಿ ಹೋದೆವು. ಶರಣಮ್ಮ ಹಸಿರು ಸೀರೆ ಉಟ್ಟು ಹಣೆಗೆ ಬಾಸಿಂಗ ಕಟ್ಟಿ ಕುಳಿತಿದ್ದರು. ದಿನವೂ ನೋಡುವ ಮುಖ. ಆದರೆ ಅವರ ಎದುರು ನಿಂತು ಮಾತಾಡಿಸಲು ನನಗೆ ಧೈರ್ಯ ಸಾಲಲಿಲ್ಲ.

ಪೂಜಾರಿ ತಾಳಿ ಕೈಗೆತ್ತಿಕೊಂಡಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಹೆಗಲಿಗೆ ಚೀಲ, ಧೂಳು ಹಿಡಿದ ಕಾಲು. ಶರಣಮ್ಮನದೇ ಮೂಗು. ಭೀಮರಾಯ ಎಂದು ಯಾರೂ ಹೇಳಬೇಕಿರಲಿಲ್ಲ. ಸಿನಿಮಾದಲ್ಲಾದರೆ ಈಗ ಒಬ್ಬ ಕೈಯೆತ್ತಿ ‘ನಿಲ್ಲಿಸಿ’ ಅನ್ನುತ್ತಾನೆ. ಆ ಘಳಿಗೆಗೆ ಎಷ್ಟು ಸಲ ನಕ್ಕಿದ್ದೆನೋ. ಅವತ್ತು ಪಕ್ಕದ ಹುಡುಗಿಯ ಕೈ ಹಿಡಿದಿದ್ದೆ.

ಆ ರೈಲ್ವೆ ಸ್ನೇಹಿತರ ಹೆಂಡತಿ ಮೆಲ್ಲಗೆ, “ತಲಿ ತಗ್ಗಿಸ್ರಿ ಶರಣಮ್ಮ, ಮದಿಮಗಳು ಹಂಗ ನೋಡಬಾರ್ದು,” ಅಂದರು.

ಶರಣಮ್ಮ ತಲೆ ತಗ್ಗಿಸಲಿಲ್ಲ. ಬಾಗಿಲ ಕಡೆ ನೋಡಿದರು, ತಾಳಿಯ ಕಡೆ ನೋಡಿದರು. “ಮೊದಲ್ನೇ ಮದಿವ್ಯಾಗ ನನಗ ಏಳು ವರ್ಷ್ರಿ,” ಅಂದರು. “ಅವ್ವನ ತೊಡಿಮ್ಯಾಲ ನಿದ್ದಿ ಹತ್ತಿತ್ತಂತ. ನನ್ನ ಮದಿವಿ ನಾನೇ ನೋಡಿಲ್ಲ. ಇದನ್ನ ನೋಡ್ತೀನಿ.”

ಭೀಮರಾಯ ಚೀಲ ಕೆಳಗಿಟ್ಟ. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕ ನಿಂತ. ನನ್ನನ್ನು ಕೇಳಿದ:

“ಅಕ್ಕಿಕಾಳು ಯಾರ ಹತ್ರ ಅದಾವ್ರಿ?”

ಮುಂದೆ ಆದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಸಿದ್ರಾಮಪ್ಪ ತಾಳಿ ಕಟ್ಟಿದರು, ಅಕ್ಕಿ ಬಿತ್ತು. ಲೋಕದಲ್ಲಿ ಇಂಥದ್ದೊಂದು ಅದೇ ಮೊದಲ ಸಲ ನಡೆಯುತ್ತಿದೆ ಅನ್ನಿಸಿತು. ಅರಿಸಿನದ ಕಾಳುಗಳು ರೆಪ್ಪೆಯ ಮೇಲೆ ಬೀಳುತ್ತಿದ್ದರೂ ಶರಣಮ್ಮ ಕಣ್ಣು ಮುಚ್ಚಲಿಲ್ಲ.

ಈಗ ನಾನು ಇಂಥ ಸಿನಿಮಾಗಳನ್ನು ನಾಚಿಕೆಯಿಲ್ಲದೆ ನೋಡುತ್ತೇನೆ. ಮದುವೆಗಳಿಗೆ ಹೋದರೆ ನೇರ ಊಟದ ಸಾಲಿಗೆ ನುಗ್ಗುವ ಅಭ್ಯಾಸವೂ ಹೋಗಿದೆ. ಕಳೆದ ವಾರ ಮೆಹದಿಪಟ್ಟಣಂನ ಫಂಕ್ಷನ್ ಹಾಲ್ ಒಂದರಲ್ಲಿ ಸಹೋದ್ಯೋಗಿಯ ಮಗಳ ಮದುವೆ. ವಾದ್ಯ ಜೋರಾದಾಗ ಬಾಗಿಲಲ್ಲಿ ಒಬ್ಬ ಹಿರಿಯರು ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿರುವುದು ಕಂಡಿತು. ಯಾರ ಕಡೆಯವರೆಂದು ಕೇಳಲಿಲ್ಲ. ಹೋಗಿ ನನ್ನ ಕೈಯಲ್ಲಿದ್ದ ಅಕ್ಷತೆಯಲ್ಲಿ ಅರ್ಧ ಅವರ ಅಂಗೈಗೆ ಸುರಿದೆ. ಅವರು ಒಂದು ಹೆಜ್ಜೆ ಒಳಗಿಟ್ಟರು.